ಲೈಟ್ ಹತ್ತವಲ್ದೇನ್ರಿ? ಮೊದಲು ಗಾಜು ನೋಡ್ರಿ!

ಹತ್ತಬೇಕಾದಾಗ ಹತ್ತದು, ಆರಬೇಕಾದಾಗ ಆರದು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ‘ಆಟೊ’ ಹೆಡ್‌ಲೈಟ್ ಒಂದು ನಿತ್ಯದ ತಕರಾರು. ಸೆನ್ಸರ್ ಹೋಗಿದೆ, ಕಂಪ್ಯೂಟರ್ ಬದಲಿಸಿ ಅನ್ನುವವರ ಮಾತಿಗೆ ತಲೆಯಾಡಿಸುವ ಮುನ್ನ ಒಂದು ಒದ್ದೆ ಬಟ್ಟೆ ಹಿಡಿದು ಮುಂದಿನ ಗಾಜಿನ ಹತ್ತಿರ ಹೋಗಿ. ಹಳೇ ಮಾಲೀಕ ಅಂಟಿಸಿ ಹೋದದ್ದೇನು, ಬಿಚ್ಚಿ ಬಿಟ್ಟದ್ದೇನು, ಅಲ್ಲೇ ಗೊತ್ತಾದೀತು!

ಜನವರಿ ನಡುವಿನ ಸಂಜೆ. ವಿಜಯಪುರದಿಂದ ಅಥಣಿ ಕಡೆ ಹೊರಟರೆ ತೊರವಿ ದಾಟುವ ಹೊತ್ತಿಗೆ ಸೂರ್ಯ ಹೆಚ್ಚೂಕಡಿಮೆ ಡ್ರೈವರನ ಕಣ್ಣೆದುರಿಗೇ ಇರುತ್ತಾನೆ. ಸಿದ್ಧೇಶ್ವರ ಜಾತ್ರೆಗೆ ಹೊರಟ ಕ್ರೂಸರ್‌ಗಳು, ಎತ್ತು ಹೊಡೆದುಕೊಂಡು ಜಾನುವಾರು ಜಾತ್ರೆಗೆ ಬರುವವರು, ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಎದುರು ಬಸ್ಸಿಗೆ ಕಾದ ಹುಡುಗಿಯರು. ಎಲ್ಲರಿಗೂ ಇರುವುದು ಅದೊಂದೇ ರಸ್ತೆ.

ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಒಂದೊಂದಾಗಿ ಗಾಡಿಗಳ ದೀಪ ಹತ್ತತೊಡಗುತ್ತವೆ.

ಅಷ್ಟರಲ್ಲಿ ಟಿಕೋಟಾ ಕಡೆಗೆ ಒಂದು ಬಿಳಿ ಕಾರು ಭರ್ರೆಂದು ಹೋಗುತ್ತದೆ. ಮುಂದೆ ಎಲ್‌ಇಡಿಯ ಸಣ್ಣ ಬಿಳಿ ಪಟ್ಟಿಯೇನೋ ಹೊಳೆಯುತ್ತಿದೆ. ಹಿಂದೆ ಪೂರ್ತಿ ಕತ್ತಲು; ಕೆಂಪು ದೀಪದ ಸುಳಿವೇ ಇಲ್ಲ. ಎದುರಿನ ಲಾರಿಯವನು ಎರಡು ಸಲ ಡಿಪ್ಪರ್ ಹೊಡೆಯುತ್ತಾನೆ. ಕಾರಿನವನಿಗೆ ಸಿಟ್ಟು. ಅವನ ಮುಂದೆ ಮೀಟರ್ ಬೋರ್ಡು ಜಗಮಗ ಅನ್ನುತ್ತಿದೆ, ಗುಂಡಿ ‘ಆಟೊ’ದಲ್ಲಿದೆ, ಇನ್ನೇನು ಬೇಕು? ಟಿಕೋಟಾದ ಚಹಾದಂಗಡಿ ಮುಂದೆ ಇಳಿದು ನೋಡಿದಾಗಲೇ ಗೊತ್ತಾಗುವುದು: ಇಷ್ಟು ಹೊತ್ತೂ ಹೆಡ್‌ಲೈಟೇ ಹತ್ತಿರಲಿಲ್ಲ.

ಇದು ಹೊಸ ಕಾಲದ ತೊಂದರೆ. ಹಿಂದಿನ ಕಾರುಗಳಲ್ಲಿ ಲೈಟ್ ಹಾಕದಿದ್ದರೆ ಮೀಟರೂ ಕಾಣುತ್ತಿರಲಿಲ್ಲ. ಕತ್ತಲಾಯಿತೆಂದು ಡ್ಯಾಶ್‌ಬೋರ್ಡೇ ಹೇಳುತ್ತಿತ್ತು. ಈಗಿನ ಡಿಜಿಟಲ್ ಮೀಟರ್ ಹಗಲೂ ರಾತ್ರಿಯೂ ಬೆಳಗುತ್ತದೆ. ಮುಂದಿನ ಡಿಆರ್‌ಎಲ್ (ಹಗಲಲ್ಲೂ ಉರಿಯುವ ದೀಪ) ಪಟ್ಟಿಯೂ ಬೆಳಗುತ್ತದೆ. ದೀಪ ಹತ್ತಿದೆ ಎಂದು ನಂಬಲು ಕಾರಣಗಳು ಹೆಚ್ಚಾಗಿವೆ, ನೋಡಿ ಖಾತ್ರಿ ಮಾಡಿಕೊಳ್ಳುವ ರೂಢಿ ಕಡಿಮೆಯಾಗಿದೆ.

ಪುಣೆಯಿಂದ ಕೆಎ 28ಕ್ಕೆ

ಕೆಲವು ವರ್ಷಗಳ ಹಿಂದೆ ತಾನಾಗಿ ಹತ್ತುವ ಹೆಡ್‌ಲೈಟ್ ದುಬಾರಿ ಕಾರಿನ ಸೊಕ್ಕು. ಆಮೇಲೆ ಸಣ್ಣ ಕಾರುಗಳ ಟಾಪ್ ಮಾಡೆಲ್‌ಗೂ ಬಂತು. ಆಗ ಹೊಸದಾಗಿದ್ದ ಆ ಕಾರುಗಳೇ ಈಗ ಎರಡನೇ, ಮೂರನೇ ಕೈಗೆ ಬರುತ್ತಿವೆ.

ವಿಜಯಪುರಕ್ಕೆ ಸೋಲಾಪುರ ಹತ್ತಿರ, ಪುಣೆಯೂ ದೂರವಲ್ಲ. ಎಂಎಚ್ 12, ಎಂಎಚ್ 13 ಪಟ್ಟಿಯ ಗಾಡಿಗಳು ಗಡಿ ದಾಟಿ ಬಂದು ಕೆಎ 28 ಆಗುತ್ತವೆ. ಅದಕ್ಕೆ ಎನ್‌ಒಸಿಗೆ ನಮೂನೆ 28, ಹೆಸರು ಬದಲಾವಣೆಗೆ ನಮೂನೆ 29 ಮತ್ತು 30, ಜತೆಗೆ ಕರ್ನಾಟಕದ ತೆರಿಗೆ. ಇದಕ್ಕೆಲ್ಲ ಕಾಗದ ಉಂಟು. ಹಿಂದಿನ ಮಾಲೀಕ ಗಾಜಿಗೆ ಏನೇನು ಅಂಟಿಸಿದ್ದ, ಒಡೆದ ಗಾಜನ್ನು ಎಲ್ಲಿ ಹಾಕಿಸಿದ್ದ, ಯಾವ ವಾಯರ್ ಎಲ್ಲಿ ಕತ್ತರಿಸಿ ಜೋಡಿಸಿದ್ದ ಎಂಬುದಕ್ಕೆ ಯಾವ ನಮೂನೆಯೂ ಇಲ್ಲ.

ಆಟೊ ಲೈಟಿನ ದೋಷ ಹುಡುಕುವುದೆಂದರೆ ಆ ಬರೆಯದ ಚರಿತ್ರೆಯನ್ನು ಓದುವುದು.

ಮೂರೇ ಕೊಂಡಿ

ವ್ಯವಸ್ಥೆ ಮೇಲ್ನೋಟಕ್ಕೆ ಕಾಣುವಷ್ಟು ಗಡಚಲ್ಲ. ಮೊದಲ ಕೊಂಡಿ, ಬೆಳಕು ಅಳೆಯುವ ಸೆನ್ಸರ್. ಕೆಲವು ಕಾರುಗಳಲ್ಲಿ ಇದು ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ ಕೂತಿರುತ್ತದೆ. ಮಳೆ ಸೆನ್ಸರ್ ಕೂಡ ಅದೇ ಡಬ್ಬಿಯಲ್ಲಿರುವುದುಂಟು. ಇನ್ನು ಕೆಲವದರಲ್ಲಿ ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಬುಡದಲ್ಲಿ, ಕಪ್ಪು ಬಟನ್ ಗಾತ್ರದ ಸಣ್ಣ ಗುಬುಟು.

ಎರಡನೆಯದು ಬಿಸಿಎಂ ಎಂದು ಗ್ಯಾರೇಜಿನವರು ಕರೆಯುವ ಕಂಪ್ಯೂಟರ್ ಡಬ್ಬಿ. ಬಾಗಿಲು, ವೈಪರ್, ಇಂಡಿಕೇಟರ್, ದೀಪ ಎಲ್ಲದರ ಲೆಕ್ಕ ಇದರ ಬಳಿ. ಸೆನ್ಸರ್ ಹೇಳಿದ ಬೆಳಕಿನ ಪ್ರಮಾಣ ನೋಡಿ, ‘ಗುಂಡಿ ಆಟೊದಲ್ಲಿದೆಯೇ’ ಎಂದು ವಿಚಾರಿಸಿ, ತೀರ್ಮಾನ ಮಾಡುವುದು ಇದು.

ಮೂರನೆಯದು ಆ ತೀರ್ಮಾನ ಜಾರಿ ಮಾಡುವ ರಿಲೇ, ಫ್ಯೂಸ್, ವಾಯರ್ ಮತ್ತು ಬಲ್ಬು.

ಹಾಗಾಗಿ ಮೊದಲ ಪ್ರಶ್ನೆ ಬಹಳ ಸರಳ: ಗುಂಡಿಯನ್ನು ಕೈಯಾರೆ ತಿರುಗಿಸಿದರೆ ಹೆಡ್‌ಲೈಟ್ ಹತ್ತುತ್ತದೆಯೇ? ಹತ್ತಿದರೆ ಬಲ್ಬು, ಫ್ಯೂಸ್, ರಿಲೇ ಬಹುತೇಕ ಸರಿಯಾಗಿವೆ ಎಂದಾಯಿತು. ಮೂರನೇ ಕೊಂಡಿ ಬಿಟ್ಟು ಮೇಲಕ್ಕೆ ನೋಡಿ. ಹತ್ತದಿದ್ದರೆ ಅದು ಆಟೊ ತೊಂದರೆಯೇ ಅಲ್ಲ. ಸಾದಾ ಲೈಟಿನ ತೊಂದರೆ. ಈ ಒಂದು ಪ್ರಶ್ನೆ ಕೇಳದೆ ಬಲ್ಬ್ ಬದಲಿಸಿದವರೂ ಇದ್ದಾರೆ, ಸೆನ್ಸರ್ ಬದಲಿಸಿದವರೂ ಇದ್ದಾರೆ.

> ಬೆಳಕಿನ ಲೆಕ್ಕ
>
> ▪ ನೆತ್ತಿ ಸುಡುವ ಬಿಸಿಲು: ಸುಮಾರು 1,00,000 ಲಕ್ಸ್.
>
> ▪ ವಿಶ್ವಸಂಸ್ಥೆಯ 48ನೇ ವಾಹನ ನಿಯಮದ ಪ್ರಕಾರ ಹೊರಗಿನ ಬೆಳಕು 1,000 ಲಕ್ಸ್‌ಗಿಂತ ಇಳಿದರೆ ಆಟೊ ಹೆಡ್‌ಲೈಟ್ 2 ಸೆಕೆಂಡಿನೊಳಗೆ ಹತ್ತಬೇಕು.
>
> ▪ 7,000 ಲಕ್ಸ್ ದಾಟಿದರೆ ಆರಬೇಕು. ಆದರೆ ತಕ್ಷಣ ಅಲ್ಲ: 5ರಿಂದ 300 ಸೆಕೆಂಡ್ ತಡೆದು. ಮರದ ನೆರಳಿಗೊಮ್ಮೆ, ಸೇತುವೆಗೊಮ್ಮೆ ಮಿಣಮಿಣ ಅನ್ನದಿರಲೆಂದು ಈ ತಡೆ.
>
> ▪ ನಡುವಿನ ಬೆಳಕಿಗೆ ಏನು ಮಾಡಬೇಕೆಂಬುದು ಕಂಪನಿಗೆ ಬಿಟ್ಟದ್ದು. ಒಂದು ಕಾರು ಮೊದಲೇ, ಇನ್ನೊಂದು ತಡವಾಗಿ ಹತ್ತಲು ಇದೂ ಒಂದು ಕಾರಣ.

‘ಗಾಜ್ ನೋಡೂಣಂತ ಕಾಕಾ’

ನಗರದ ಒಂದು ವಾಯರಿಂಗ್ ಅಂಗಡಿ. ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಗಾಡಿ ತಂದು ನಿಲ್ಲಿಸುತ್ತಾರೆ. ಸುಡು ಬಿಸಿಲಲ್ಲೂ ಎರಡೂ ಹೆಡ್‌ಲೈಟ್ ಉರಿಯುತ್ತಿವೆ.

‘ತಮ್ಮಾ, ಮಟಮಟ ಮಧ್ಯಾಹ್ನದಾಗೂ ಲೈಟ್ ಆರವಲ್ವು ನೋಡು. ಸೆನ್ಸರ್ ಹೋಗೈತಿ ಅಂತ ಒಬ್ಬಾಂವ ಹೇಳ್ಯಾನ. ರೊಕ್ಕ ಭಾಳ ಆಗ್ತೈತಂತ.’

‘ನಿಂದರ್ರಿ ಕಾಕಾ, ಅಷ್ಟ್ಯಾಕ ಗಡಿಬಿಡಿ? ಮೊದ್ಲು ಗಾಜ್ ನೋಡೂಣಂತ.’

ಹುಡುಗ ಟೆಸ್ಟ್ ಲ್ಯಾಂಪನ್ನೂ ಮುಟ್ಟಲಿಲ್ಲ. ಕಾರಿನ ಹೊರಗೆ ನಿಂತು ಒಳಗನ್ನಡಿಯ ನೇರಕ್ಕೆ ಗಾಜಿನಲ್ಲಿ ಇಣುಕಿದ. ಅಲ್ಲಿ ಗಾಜಿಗೆ ಕಪ್ಪು ಚುಕ್ಕಿಗಳ ಅಂಚು, ಅದರ ನಡುವೆ ರೂಪಾಯಿ ಬಿಲ್ಲೆಯಗಲ ಬಣ್ಣವಿಲ್ಲದ ಕಿಂಡಿ. ಸೆನ್ಸರ್ ಆಕಾಶ ನೋಡಬೇಕಾದದ್ದು ಆ ಕಿಂಡಿಯಿಂದ. ಕಿಂಡಿಯ ಮೇಲೆ ಒಳಗಿನಿಂದ ಒಂದು ಹಳೇ ಫಾಸ್ಟ್ಯಾಗ್ ಅರ್ಧ ಹತ್ತಿ ಕೂತಿತ್ತು. ಪಕ್ಕದಲ್ಲಿ ಹೊಸದೊಂದು ಫಾಸ್ಟ್ಯಾಗ್. ಮೇಲಿಂದ ಗಾಜಿನುದ್ದ ಹಚ್ಚಿದ ದೇವರ ಹೆಸರಿನ ಕೆಂಪು ಪಟ್ಟಿಯ ಅಂಚು ಇಳಿದು ಉಳಿದರ್ಧ ಮುಚ್ಚಿತ್ತು.

ಪಟ್ಟಿಯನ್ನು ಆ ಜಾಗದಲ್ಲಷ್ಟೇ ಅಚ್ಚುಕಟ್ಟಾಗಿ ಕತ್ತರಿಸಿದ. ಹಳೇ ಟ್ಯಾಗಿನ ಮೂಲೆಗೆ ಸೋಪಿನ ನೀರು ಹಚ್ಚಿ ಬ್ಲೇಡಿನಿಂದ ಎಬ್ಬಿಸಿದ. ಟ್ಯಾಗ್ ಚೂರುಚೂರಾಗಿ ಬಂತು. ಉಳಿದ ಅಂಟನ್ನು ಬಟ್ಟೆಯಿಂದ ತಿಕ್ಕಿದ. ಕೀ ತಿರುಗಿಸಿದರೆ ದೀಪ ಇನ್ನೂ ಉರಿಯುತ್ತಲೇ ಇತ್ತು. ಕಾಕಾ ಹುಡುಗನ ಮುಖ ನೋಡಿದರು. ಹುಡುಗ ಬಾನೆಟ್ಟಿಗೆ ಕೈಯೂರಿ ಸುಮ್ಮನೆ ನಿಂತ. ಸ್ವಲ್ಪ ಹೊತ್ತಿಗೆ ಎರಡೂ ಲೈಟು ಆರಿದವು.

‘ಸ್ಟಿಕರ್ ಕಿತ್ತಿದ್ದಕ್ಕ ಏನಂತ ಬಿಲ್ ಬರೀಲಿರಿ ಕಾಕಾ?’

ಇದರಲ್ಲಿ ಯಾರ ತಪ್ಪೂ ಹೆಚ್ಚಿಲ್ಲ. 2021ರ ಫೆಬ್ರುವರಿ ಮಧ್ಯದಿಂದ ದೇಶದ ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಅದನ್ನು ಹಚ್ಚಬೇಕಾದದ್ದು ಗಾಜಿನ ಮೇಲ್ಭಾಗದ ನಡುವೆ, ಒಳಗನ್ನಡಿಯ ಹಿಂದೆ. ಕಾರು ಕಂಪನಿಗಳು ಸೆನ್ಸರ್ ಕೂರಿಸುವುದೂ ಅಲ್ಲೇ. ಕಾರು ಕೈ ಬದಲಾದಾಗ ಹಳೇ ಮಾಲೀಕನ ಟ್ಯಾಗ್ ಬಂದ್ ಆಗಬೇಕು, ಹೊಸ ಮಾಲೀಕ ತನ್ನದನ್ನು ಹಚ್ಚಬೇಕು. ಹಳೆಯದನ್ನು ಕೀಳುವ ಗೋಜಿಗೆ ಹೋಗದವರ ಗಾಜಿನಲ್ಲಿ ಎರಡು ಟ್ಯಾಗ್ ಕೂಡುತ್ತವೆ. ಒಂದು ಎಚ್ಚರ: ಟ್ಯಾಗ್ ಒಮ್ಮೆ ಕಿತ್ತರೆ ಹಾಳಾಗುತ್ತದೆ, ಮತ್ತೆ ಅಂಟಿಸಲು ಬಾರದು. ಕೀಳುವ ಮುನ್ನ ಯಾವುದು ಸತ್ತದ್ದು, ಯಾವುದು ಜೀವಂತ ಎಂದು ಖಾತ್ರಿ ಮಾಡಿಕೊಳ್ಳಿ.

ದೇವರ ದೀಪವೂ ಹಗಲೇ

ಡ್ಯಾಶ್‌ಬೋರ್ಡ್ ಮೇಲೆ ಸೆನ್ಸರ್ ಇರುವ ಕಾರುಗಳ ಕಥೆ ಬೇರೆ. ಬಿಸಿಲಿಗೆ ಪ್ಲಾಸ್ಟಿಕ್ ಸುಡುತ್ತದೆಂದು ನಮ್ಮಲ್ಲಿ ಡ್ಯಾಶ್‌ಬೋರ್ಡಿಗೆ ಮ್ಯಾಟ್ ಹಾಸುವ ರೂಢಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಅದು ತಪ್ಪೂ ಅಲ್ಲ. ಆದರೆ ಮ್ಯಾಟಿನಡಿ ಸೆನ್ಸರ್ ಮುಚ್ಚಿದರೆ ಕಾರಿಗೆ ಸದಾ ಅಮಾವಾಸ್ಯೆ. ಹಾರ, ಟೋಪಿ, ಟೋಲ್ ಚೀಟಿ, ಪಾರ್ಕಿಂಗ್ ಪಾಸು ಎಲ್ಲವೂ ಅದೇ ಕೆಲಸ ಮಾಡುತ್ತವೆ.

ಇದರ ತಿರುಗಾಮುರುಗಾ ದೋಷ ಇನ್ನೂ ಅಪಾಯದ್ದು. ಡ್ಯಾಶ್‌ಬೋರ್ಡ್ ಮೇಲೆ ಬಣ್ಣಬಣ್ಣದ ಎಲ್‌ಇಡಿ ಮಿಂಚುವ ದೇವರ ಮೂರ್ತಿ ಇಟ್ಟಿದ್ದೀರಾ? ಫೋನ್ ಸ್ಟ್ಯಾಂಡ್ ಸೆನ್ಸರಿನ ಮಗ್ಗುಲಿಗೇ ಇದೆಯೇ? ಅಂಗುಲ ದೂರದ ಸಣ್ಣ ದೀಪವೂ ಸೆನ್ಸರಿಗೆ ದೊಡ್ಡ ಬೆಳಕು. ಹೊರಗೆ ಮುಸ್ಸಂಜೆಯಾದರೂ ಅದು ‘ಇನ್ನೂ ಹಗಲಿದೆ’ ಎಂದೇ ವರದಿ ಒಪ್ಪಿಸುತ್ತದೆ. ಲೈಟ್ ಹತ್ತುವುದಿಲ್ಲ. ಮೂರ್ತಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ನೋಡಿ; ಭಕ್ತಿಗೂ ಭಂಗವಿಲ್ಲ, ಬೆಳಕಿಗೂ ಅಡ್ಡಿಯಿಲ್ಲ.

ಗಾಜಿಗೆ ಕಪ್ಪು ಫಿಲಂ ಹೊಡೆಸಿದ ಕಾರುಗಳಲ್ಲಿ ದೀಪ ಬೇಗ ಹತ್ತುತ್ತದೆ, ಸಂಜೆ ನಾಲ್ಕರ ಮೋಡಕ್ಕೂ ಹತ್ತುತ್ತದೆ. ಮೇಲಾಗಿ ಅದು ಕಾಯ್ದೆಯ ತಂಟೆ. ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70ರಷ್ಟು, ಪಕ್ಕದ ಗಾಜಿನಲ್ಲಿ ಶೇ 50ರಷ್ಟು ಬೆಳಕು ಹಾಯಬೇಕೆಂಬುದು ನಿಯಮ. ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಪ್ಪು ಫಿಲಂ ವಿರುದ್ಧ ಆದೇಶ ಕೊಟ್ಟದ್ದು ಇದೇ ನಿಯಮದ ಆಧಾರದಲ್ಲಿ.

ಒಡೆದ ಗಾಜಿನ ಚರಿತ್ರೆ

ಕಬ್ಬಿನ ಟ್ರೇಲರಿನ ಹಿಂದೆ ಹೋಗುವವರಿಗೆ ಗಾಜಿಗೆ ಕಲ್ಲು ಸಿಡಿಯುವುದು ಹೊಸದಲ್ಲ. ಗಾಜು ಒಡೆಯಿತು, ಬದಲಿಸಿದರು. ಅಲ್ಲಿಂದ ಆಟೊ ಲೈಟಿನ ಗ್ರಹಚಾರ ಶುರು.

ಗಾಜಿನ ಮೇಲೆ ಕೂರುವ ಸೆನ್ಸರಿಗೆ ಗಾಜಿಗೇ ಅಂಟಿದ ಒಂದು ಹಿಡಿ ಬೇಕು. ಸೆನ್ಸರಿಗೂ ಗಾಜಿಗೂ ನಡುವೆ ಪಾರದರ್ಶಕ ಜೆಲ್ ಪದರವೂ ಬೇಕು, ಅದರಲ್ಲಿ ಗಾಳಿಯ ಗುಳ್ಳೆ ಇರಬಾರದು. ಅಗ್ಗದ ಗಾಜಿಗೆ ಈ ಹಿಡಿಯೇ ಇರುವುದಿಲ್ಲ. ಆಗ ಸೆನ್ಸರನ್ನು ಡಬಲ್ ಟೇಪಿನಿಂದ ಅಂಟಿಸುವವರುಂಟು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಟೇಪು ಬಿಟ್ಟು ಸೆನ್ಸರ್ ಕವರಿನೊಳಗೆ ಜೋತಾಡುತ್ತದೆ. ಕೆಲವೊಮ್ಮೆ ವಾಯರಿನ ಕಪ್ಲರ್ ಚುಚ್ಚುವುದನ್ನೇ ಮರೆತು ಕವರ್ ಮುಚ್ಚಿರುತ್ತಾರೆ.

ಕಪ್ಲರ್ ಬಿಟ್ಟರೆ ಎಲ್ಲ ಕಾರೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಕೆಲವು ‘ಕಣ್ಣು ಕಾಣದು, ದೀಪ ಹಾಕಿಟ್ಟರೆ ಕ್ಷೇಮ’ ಎಂದು ಹಗಲೂ ಉರಿಸುತ್ತವೆ. ಕೆಲವು ಆಟೊ ವ್ಯವಸ್ಥೆಯನ್ನೇ ಕೈಬಿಟ್ಟು ಸುಮ್ಮನಾಗುತ್ತವೆ. ಅದಕ್ಕೇ ನುರಿತ ಮಿಸ್ತ್ರಿ ಮೊದಲು ಕೇಳುವುದು, ‘ಗಾಜ್ ಬದಲ್ ಮಾಡಿಸಿರೇನ್ರಿ?’ ಎಂದು. ಮಾಲೀಕನಿಗೆ ಗೊತ್ತಿಲ್ಲದಿದ್ದರೆ ಗಾಜಿನ ಮೂಲೆಯ ಮುದ್ರೆಯೇ ಹೇಳುತ್ತದೆ. ಮುಂದಿನ ಗಾಜಿನ ಕಂಪನಿ ಗುರುತು ಪಕ್ಕದ ಗಾಜುಗಳಿಗೆ ಹೊಂದದಿದ್ದರೆ ಅದು ಹೆಚ್ಚಾಗಿ ಬದಲಿಸಿದ ಗಾಜು.

> ಮನೆಯ ಅಂಗಳದಲ್ಲೇ ಪರೀಕ್ಷೆ
>
> ▪ ಹಗಲಿನಲ್ಲಿ, ನೆರಳಿಲ್ಲದ ಕಡೆ ಗಾಡಿ ನಿಲ್ಲಿಸಿ. ಎಂಜಿನ್ ಚಾಲೂ, ಹ್ಯಾಂಡ್‌ಬ್ರೇಕ್ ಮೇಲೆ, ಗುಂಡಿ ‘ಆಟೊ’ಗೆ.
>
> ▪ ದಪ್ಪ ಕಪ್ಪು ಬಟ್ಟೆಯನ್ನು ಮಡಚಿ ಸೆನ್ಸರ್ ಮುಚ್ಚಿ. ಗಾಜಿನ ಮೇಲಿನ ಸೆನ್ಸರಾದರೆ ಹೊರಗಿನಿಂದ ಮುಚ್ಚಿ. ಹೆಡ್‌ಲೈಟ್ ಹತ್ತಬೇಕು.
>
> ▪ ಬಟ್ಟೆ ತೆಗೆದು ಕಾಯಿರಿ. ಕೆಲವು ಸೆಕೆಂಡಿನಿಂದ ಕೆಲವು ನಿಮಿಷದವರೆಗೆ ತಡೆದು ಆರಿದರೆ ಅದು ದೋಷವಲ್ಲ.
>
> ▪ ಹಿಂದೆ ಗೋಡೆಯಿರುವ ಕಡೆ ಸಂಜೆ ನಿಲ್ಲಿಸಿ ಕನ್ನಡಿಯಲ್ಲಿ ನೋಡಿ: ಗೋಡೆಗೆ ಕೆಂಪು ಬೆಳಕು ಬಿದ್ದಿದೆಯೇ? ಬಿದ್ದಿಲ್ಲವಾದರೆ ಮುಂದೆ ಉರಿಯುತ್ತಿರುವುದು ಡಿಆರ್‌ಎಲ್ ಮಾತ್ರ.
>
> ▪ ಲಾಕ್ ಮಾಡಿದ ಮೇಲೂ ಅರ್ಧ ನಿಮಿಷ ದೀಪ ಉರಿದರೆ ಗಾಬರಿ ಬೇಡ. ಮನೆ ಬಾಗಿಲವರೆಗೆ ದಾರಿ ತೋರಿಸಲೆಂದೇ ಹಲವು ಕಾರುಗಳಲ್ಲಿ ಆ ಸೌಲಭ್ಯವಿದೆ. ಆರದೇ ಉಳಿದರೆ ಮಾತ್ರ ರಿಲೇ ಅಂಟಿಕೊಂಡಿದೆಯೇ ನೋಡಿಸಿ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಕೂತುಬಿಟ್ಟೀತು.

ಸ್ಕ್ಯಾನರ್ ಕೊನೆಗೆ ಯಾಕೆ?

ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇದೆ. ಅದಕ್ಕೆ ಸ್ಕ್ಯಾನರ್ ಹಚ್ಚಿದರೆ ಕಾರೇ ತನ್ನ ಕಾಯಿಲೆ ಹೇಳಿಕೊಳ್ಳುತ್ತದೆ ಎಂಬ ನಂಬಿಕೆ ಹಬ್ಬಿದೆ. ನಂಬಿಕೆ ಅರ್ಧ ನಿಜ.

ವಾಯರ್ ತುಂಡಾಗಿದ್ದರೆ, ಶಾರ್ಟ್ ಆಗಿದ್ದರೆ, ಸೆನ್ಸರ್ ಉತ್ತರವನ್ನೇ ಕೊಡದಿದ್ದರೆ ಸ್ಕ್ಯಾನರಿನಲ್ಲಿ ಕೋಡ್ ಬರುತ್ತದೆ. ಆದರೆ ಸ್ಟಿಕರಿನಡಿ ಕೂತ ಸೆನ್ಸರ್ ವಿದ್ಯುತ್ತಿನ ಲೆಕ್ಕದಲ್ಲಿ ಗಟ್ಟಿಮುಟ್ಟಾಗಿದೆ. ಅದಕ್ಕೆ ಕತ್ತಲು ಕಾಣುತ್ತಿದೆ, ಕತ್ತಲು ಎಂದೇ ಹೇಳುತ್ತಿದೆ. ಅದರಲ್ಲಿ ಸುಳ್ಳೇನಿದೆ? ಕೋಡ್ ಬರುವುದಿಲ್ಲ. ‘ಸ್ಕ್ಯಾನರಿನ್ಯಾಗ ಏನೂ ಇಲ್ಲ, ಅಂದ್ರ ಬಿಸಿಎಂ ಹೋಗಿರಬೇಕು’ ಎಂಬ ತರ್ಕ ಹುಟ್ಟುವುದು ಇಲ್ಲೇ. ಮಾಲೀಕನ ಜೇಬಿಗೆ ಕತ್ತರಿ ಬೀಳುವುದೂ ಇಲ್ಲೇ.

ಸ್ಕ್ಯಾನರನ್ನು ಜಾಣತನದಿಂದ ಬಳಸುವವನು ಕೋಡ್ ಓದಿ ನಿಲ್ಲುವುದಿಲ್ಲ. ಲೈವ್ ಡೇಟಾ ತೆರೆದು ಸೆನ್ಸರ್ ಕೊಡುವ ಅಂಕಿ ನೋಡುತ್ತಾನೆ, ಕೈಯಿಂದ ಮುಚ್ಚಿ ತೆಗೆದು ಅಂಕಿ ಏರಿಳಿಯುವುದನ್ನು ನೋಡುತ್ತಾನೆ. ಅಂಕಿ ಸರಿಯಾಗಿ ಕುಣಿದರೆ ಸೆನ್ಸರ್ ಆರೋಗ್ಯವಾಗಿದೆ. ಆಮೇಲೆ ಗುಂಡಿಯನ್ನು ‘ಆಟೊ’ಗೆ ತಿರುಗಿಸಿ, ಆ ಸಂಗತಿ ಕಂಪ್ಯೂಟರಿಗೆ ಮುಟ್ಟುತ್ತಿದೆಯೇ ಎಂದು ನೋಡುತ್ತಾನೆ. ಮುಟ್ಟದಿದ್ದರೆ ಸವೆದಿರುವುದು ಸ್ಟಿಯರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್. ಸಾವಿರ ಸಲ ತಿರುಗುವ ಗುಂಡಿ ಅದು, ಸವೆಯುವುದು ಸಹಜ.

ಇಲಿ, ನೀರು ಮತ್ತು ರಿಲೇ ಕಿಟ್

ಗಾಜಿನ ಬಳಿ ಏನೂ ಸಿಗದಿದ್ದರೆ ಬಾನೆಟ್ ಎತ್ತಬೇಕು.

ಬಬಲೇಶ್ವರ ಕಡೆಯ ತೋಟದ ಮನೆಗಳಲ್ಲಿ ಕಾರು ನಿಲ್ಲುವುದು ಮೇವಿನ ಬಣವೆಯ ಪಕ್ಕ, ಇಲ್ಲವೇ ಕಬ್ಬಿನ ಹೊಲದಂಚಿನ ಶೆಡ್ಡಿನಲ್ಲಿ. ಕಬ್ಬು ಕಟಾವಾದರೆ ಅಲ್ಲಿನ ಇಲಿಗಳು ಹೊಸ ಮನೆ ಹುಡುಕುತ್ತವೆ. ಎಂಜಿನ್ ಬೆಚ್ಚಗಿರುತ್ತದೆ. ಹೆಡ್‌ಲೈಟಿನ ಹಿಂದೆ ವಾಯರಿನ ಕವಚ ಕಡಿದ ಗುರುತು, ಹಿಕ್ಕೆ, ಹುಲ್ಲಿನ ಚೂರು ಕಂಡರೆ ಬೇರೆ ವಿಚಾರಣೆ ಬೇಡ.

ಎರಡನೆಯದು ಸರ್ವಿಸಿಂಗ್ ಪಂಪಿನ ನೀರು. ಎರೆಮಣ್ಣಿನ ಕೆಸರು ಹೋಗಲೆಂದು ಎಂಜಿನ್ನಿಗೂ ಜೋರಾಗಿ ನೀರು ಹೊಡೆಸುತ್ತೇವೆ. ಕಪ್ಲರಿನ ರಬ್ಬರ್ ಸಡಿಲವಿದ್ದರೆ ನೀರು ಒಳಗೆ ಕೂರುತ್ತದೆ. ತಿಂಗಳಾದ ಮೇಲೆ ಕಪ್ಲರ್ ಬಿಚ್ಚಿದರೆ ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು. ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ರಸ್ತೆಯ ತಗ್ಗಿಗೆ ಬಿದ್ದಾಗ ಹತ್ತಿದ್ದು ಹಂಪ್ ದಾಟಿದಾಗ ಆರುತ್ತದೆ. ಬಾಡಿಗೆ ಬೋಲ್ಟ್ ಮಾಡಿದ ಅರ್ಥಿಂಗ್ ವಾಯರಿನ ತುಕ್ಕೂ ಇದೇ ಆಟ ಆಡಿಸುತ್ತದೆ.

ಮೂರನೆಯದು ಹಳೇ ಮಾಲೀಕನ ಉಮೇದು. ಕಂಪನಿ ಕೊಟ್ಟ 60/55 ವ್ಯಾಟಿನ ಎಚ್4 ಬಲ್ಬು ಸಾಲದೆಂದು 100/90 ಹಾಕಿಸಿರುತ್ತಾನೆ. ವಾಯರ್ ಸುಡಬಾರದೆಂದು ಬ್ಯಾಟರಿಯಿಂದ ನೇರ ಎಳೆದ ರಿಲೇ ಕಿಟ್ ಸೇರಿಸಿರುತ್ತಾನೆ. ಆಮೇಲೆ ಅದನ್ನೂ ಕಿತ್ತು ಎಲ್‌ಇಡಿ ಹಾಕಿರುತ್ತಾನೆ. ಬಲ್ಬು ಎಳೆಯುವ ಕರೆಂಟ್ ಗಮನಿಸುವ ಕಂಪ್ಯೂಟರಿಗೆ ಇದೆಲ್ಲ ಗೊಂದಲ. ಎಲ್‌ಇಡಿ ಕಡಿಮೆ ಎಳೆದರೆ ‘ಬಲ್ಬ್ ಸುಟ್ಟಿದೆ’ ಎಂದುಕೊಳ್ಳುತ್ತದೆ. ಹೊಸ ಭಾಗ ಕೊಳ್ಳುವ ಮುನ್ನ ಇವನ್ನೆಲ್ಲ ಬಿಚ್ಚಿ ಕಂಪನಿ ಕೊಟ್ಟಂತೆ ಮರಳಿ ಜೋಡಿಸಿ ನೋಡುವುದೇ ಮೊದಲ ಚಿಕಿತ್ಸೆ.

ಫ್ಯೂಸ್ ನೋಡುವಾಗ ಬಣ್ಣ ನೆನಪಿಡಿ: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಮುಚ್ಚಳದ ಚಿತ್ರದಲ್ಲಿ 10 ಎಂದಿದ್ದು ಒಳಗೆ ಹಸಿರು ಕೂತಿದ್ದರೆ, ಹಿಂದೆ ಯಾರೋ ಶಾರ್ಟ್ ಹುಡುಕುವ ಬದಲು ಫ್ಯೂಸನ್ನೇ ದಪ್ಪ ಮಾಡಿ ಕೈತೊಳೆದುಕೊಂಡಿದ್ದಾರೆ. ಅಂಥ ಕಾರಿಗೆ ಬೆಂಕಿಯ ಭಯವಿದೆ.

ಗುಂಡಿ ಉಂಟು, ಸೆನ್ಸರೇ ಇಲ್ಲ!

ಎಲ್ಲ ನೋಡಿಯೂ ದೋಷ ಸಿಗದಿದ್ದರೆ ಕೊನೆಗೊಂದು ಅನುಮಾನ ಪಡಬೇಕು: ಈ ಕಾರಿನಲ್ಲಿ ಆಟೊ ಲೈಟ್ ಇತ್ತೇ?

ಕೆಳಗಿನ ಮಾಡೆಲ್ ಕಾರಿನ ಸವೆದ ಸ್ವಿಚ್ ಬದಲಿಸುವಾಗ ಟಾಪ್ ಮಾಡೆಲಿನ ಹಳೇ ಸ್ವಿಚ್ ಸಿಕ್ಕಿದ್ದಕ್ಕೆ ಹಾಕಿರುವುದುಂಟು. ಗುಂಡಿಯ ಮೇಲೆ ‘ಆಟೊ’ ಎಂದು ಬರೆದಿದೆ, ತಿರುಗಿಸಿದರೆ ಟಕ್ ಎಂದು ಕೂರುತ್ತದೆ, ಅದರಾಚೆ ಏನೂ ಇಲ್ಲ. ದಲ್ಲಾಳಿ ಅದನ್ನೇ ತೋರಿಸಿ ‘ಟಾಪ್ ಎಂಡ್ ಗಾಡಿ’ ಎಂದು ಮಾರಿರುತ್ತಾನೆ. ಆರ್‌ಸಿಯಲ್ಲಿ ಕಾರಿನ ಮಾಡೆಲ್ ಹೆಸರು ಇರುತ್ತದೆ. ಎಂಪರಿವಾಹನ್ ಆ್ಯಪಿನಲ್ಲೂ ಸಿಗುತ್ತದೆ. ಆ ಮಾಡೆಲಿಗೆ ಕಂಪನಿ ಆಟೊ ಲೈಟ್ ಕೊಟ್ಟಿತ್ತೇ ಎಂದು ಮೊದಲು ವಿಚಾರಿಸಿ. ಇಲ್ಲದ ಸೆನ್ಸರನ್ನು ಯಾವ ಮಿಸ್ತ್ರಿಯೂ ರಿಪೇರಿ ಮಾಡಲಾರ.

> ಕಾಯ್ದೆ ಏನು ಹೇಳುತ್ತದೆ?
>
> ▪ ಕೇಂದ್ರ ಮೋಟಾರು ವಾಹನ ನಿಯಮ 105: ಸೂರ್ಯಾಸ್ತದ ಅರ್ಧ ಗಂಟೆ ನಂತರ ದೀಪ ಹತ್ತಿರಲೇಬೇಕು. ಯಾವುದೇ ಹೊತ್ತಿನಲ್ಲಿ 155 ಮೀಟರ್ ದೂರದ ಜನ, ವಾಹನ ಸ್ಪಷ್ಟವಾಗಿ ಕಾಣದಷ್ಟು ಮಬ್ಬಿದ್ದರೂ ಹಾಕಬೇಕು.
>
> ▪ ವಿಜಯಪುರದ ಅಕ್ಷಾಂಶದಲ್ಲಿ ಮುಸ್ಸಂಜೆಯ ಬೆಳಕು ಉಳಿಯುವುದೇ 22–23 ನಿಮಿಷ. ಅರ್ಧ ಗಂಟೆ ಕಾಯುವಷ್ಟರಲ್ಲಿ ಪೂರ್ತಿ ಕತ್ತಲು. ಸರಿಯಿರುವ ಸೆನ್ಸರ್ ಕಾಯ್ದೆಗಿಂತ ಬಹಳ ಮೊದಲೇ ದೀಪ ಹಾಕುತ್ತದೆ.
>
> ▪ ಹೊಸ ಬೈಕುಗಳಿಗೆ 2017ರ ಏಪ್ರಿಲ್ 1ರಿಂದ ಹೆಡ್‌ಲೈಟ್ ಸದಾ ಆನ್. ಅಲ್ಲಿ ಸೆನ್ಸರೂ ಇಲ್ಲ, ಆರಿಸುವ ಸ್ವಿಚ್ಚೂ ಇಲ್ಲ. ಹಗಲಲ್ಲಿ ಬೆರಳು ಮಡಚಿ ಬಿಚ್ಚಿ ‘ಲೈಟ್ ಹತ್ತೇತಿ’ ಎಂದು ಸನ್ನೆ ಮಾಡುವವರು ಇನ್ನು ಕೈ ಕೆಳಗಿಳಿಸಬಹುದು.

ಆಟೊಗೂ ಕಾಣದ್ದು

ಬೆಳಕು ನೋಡಿ ದೀಪ ನಡೆಸುವ ಈ ಬುದ್ಧಿ ಕಾರಿಗೆ ಹೊಸದಾಗಿ ಬಂದದ್ದಲ್ಲ. ಎದುರಿನ ಗಾಡಿ ಕಂಡರೆ ತಾನಾಗಿ ಡಿಮ್ ಆಗುವ ‘ಆಟ್ರಾನಿಕ್ ಐ’ ಎಂಬ ಉಪಕರಣವನ್ನು ಅಮೆರಿಕದ ಜನರಲ್ ಮೋಟರ್ಸ್ 1952ರಲ್ಲೇ ತನ್ನ ಕಾರುಗಳಿಗೆ ಕೂರಿಸಿತ್ತು. ಕತ್ತಲಾದರೆ ತಾನಾಗಿ ದೀಪ ಹಾಕುವ ‘ಟ್ವೈಲೈಟ್ ಸೆಂಟಿನೆಲ್’ 1964ರಲ್ಲಿ ಅದೇ ಕಂಪನಿಯ ಕ್ಯಾಡಿಲ್ಯಾಕ್‌ಗೆ ಬಂತು. ಅಂದಿನಿಂದ ಇಂದಿನವರೆಗೆ ಸೆನ್ಸರ್ ಸಣ್ಣದಾಗಿದೆ, ಚುರುಕಾಗಿದೆ. ಅದಕ್ಕೆ ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: ಮೇಲೆ ಬೆಳಕು ಎಷ್ಟಿದೆ?

ತೊಡಕು ಇರುವುದು ಆ ಪ್ರಶ್ನೆಯಲ್ಲೇ. ಚಳಿಗಾಲದ ಬೆಳಗು, ಕೃಷ್ಣೆಯ ಕಡೆಯಿಂದ ಎದ್ದ ಮಂಜು ರಸ್ತೆಯ ಮೇಲೆ ಮಲಗಿದೆ. ಸೂರ್ಯ ಹುಟ್ಟಿದ್ದಾನೆ, ಮಂಜು ಬೆಳ್ಳಗೆ ಹೊಳೆಯುತ್ತಿದೆ. ಸೆನ್ಸರಿಗೆ ಬೇಕಾದಷ್ಟು ಬೆಳಕು. ಐವತ್ತು ಮೀಟರ್ ಆಚೆ ಏನಿದೆ ಎಂಬುದು ನಿಮಗೂ ಕಾಣದು, ಎದುರಿನವನಿಗೂ ಕಾಣದು. ಆಟೊ ದೀಪ ಹತ್ತುವುದಿಲ್ಲ. ಕಟಾವಾದ ಹೊಲದಲ್ಲಿ ರವದಿ ಸುಟ್ಟ ಹೊಗೆ ರಸ್ತೆಗೆ ಅಡ್ಡ ಬಂದಾಗಲೂ ಇದೇ ಪಾಡು. ಮುಂದಿನ ಟ್ರ್ಯಾಕ್ಟರ್ ಎಬ್ಬಿಸಿದ ಧೂಳಿನಲ್ಲೂ ಅಷ್ಟೇ. ಸೆನ್ಸರ್ ಕೆಟ್ಟಿಲ್ಲ, ಅದರ ಕೆಲಸ ಅದು ಮಾಡುತ್ತಿದೆ. ದೂರ ಅಳೆಯುವುದು ಅದರ ಕೆಲಸವೇ ಅಲ್ಲ. ಕಾಯ್ದೆ ಹೇಳುವ 155 ಮೀಟರನ್ನು ಅಂದಾಜು ಮಾಡಬೇಕಾದದ್ದು ಸ್ಟಿಯರಿಂಗ್ ಹಿಡಿದವನ ಕಣ್ಣು.

ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಹರಿದ ಕಡೆ ಹೊಲಗಳು ಹಸಿರಾಗಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ದಾರಿಯುದ್ದ ರಾತ್ರಿಯೆಲ್ಲ ಟ್ರೇಲರುಗಳು ಓಡುತ್ತವೆ. ಹಲವಕ್ಕೆ ಹಿಂದಿನ ದೀಪವಿಲ್ಲ, ಇದ್ದ ರೇಡಿಯಂ ಪಟ್ಟಿಯ ಮೇಲೆ ಕಬ್ಬಿನ ಗರಿ ಜೋತುಬಿದ್ದಿರುತ್ತದೆ. ಟ್ರೇಲರಿನ ಹಿಂದೆ ದೀಪವಿಲ್ಲವೆಂದು ಬೈಯುವ ನಮ್ಮ ಕಾರಿನ ಹಿಂದೆಯೂ ದೀಪ ಹತ್ತಿದೆಯೇ ಎಂದು ನೋಡಿಕೊಂಡಿರಬೇಕಲ್ಲ!

ಆದ್ದರಿಂದ ರಿಪೇರಿಯಾದ ಮೇಲೂ ಪೂರ್ತಿ ಆಟೊಗೆ ಬಿಡಬೇಡಿ. ಮಂಜು, ಹೊಗೆ, ಧೂಳು, ಜೋರು ಮಳೆ ಕಂಡ ಕೂಡಲೇ ಗುಂಡಿಯನ್ನು ಕೈಯಾರೆ ಒಂದು ಹೆಜ್ಜೆ ಮುಂದೆ ತಿರುಗಿಸಿ. ಬ್ಯಾಟರಿ ಇಳಿದೀತೆಂಬ ಚಿಂತೆ ಬೇಡ. ಎಂಜಿನ್ ತಿರುಗುತ್ತಿರುವವರೆಗೆ ಆಲ್ಟರ್ನೇಟರ್ ಇರುವುದೇ ಅದಕ್ಕೆ.